ಹಳೆಯ ಬೈಸಿಕಲ್ಲಿಗೆ ಚಿಕ್ಕ ಗಾಲಿ

ಯಾವುದಾದರೂ ಹಳೆಯ ಸೈಕಲ್ ಅಂಗಡಿಗೆ ಹೋಗಿ “26 ಇಂಚಿನ ಟೈರು ಕೊಡಿ” ಎಂದು ಕೇಳಿ ನೋಡಿ. ಅಂಗಡಿಯವರು ಅನುಭವಸ್ಥರಾಗಿದ್ದರೆ ಟೈರನ್ನು ಗೂಟದಿಂದ ಇಳಿಸುವ ಮೊದಲು ಒಂದು ಪ್ರಶ್ನೆ ಹಾಕುತ್ತಾರೆ: “ಯಾವ 26 ಸಾರ್? ಹಳೇ ಸೈಕಲ್ಲಿಂದೋ, ದಪ್ಪ ಟೈರಿನ ಸೈಕಲ್ಲಿಂದೋ?” ಪ್ರಶ್ನೆ ನ್ಯಾಯವಾದದ್ದೇ. 26 × 1⅜ ಎಂದು ಅಚ್ಚಾದ ಟೈರನ್ನು 26 × 1.75ರ ರಿಮ್ಮಿಗೆ ಹಾಕಲು ಹೋದರೆ ಅದು ದೊಗಲೆ ಅಂಗಿಯಂತೆ ಜೋಲಾಡುತ್ತದೆ. ಅದನ್ನು ಇದಕ್ಕೆ ಹಾಕಲು ಹೋದರೆ ಟೈರು ಎತ್ತುವ ಲಿವರು ಬಾಗುತ್ತದೆಯೇ ಹೊರತು ಟೈರು ಕೂರುವುದಿಲ್ಲ. ಎರಡರ ಮೇಲೂ 26 ಎಂದೇ ಬರೆದಿದೆ. ಆದರೆ ಟೈರಿನ ಅಂಚಿನ ತಂತಿ ಕೂರುವ ಜಾಗವನ್ನು ಅಳೆದರೆ ಒಂದು ರಿಮ್ಮಿನ ವ್ಯಾಸ 590 ಮಿಲಿಮೀಟರು, ಇನ್ನೊಂದರದು 559. ಹಾಗಾದರೆ ಈ 26 ಎಂಬುದು ಯಾವುದರ ಅಳತೆ?

ಈ ಒಗಟು ನನ್ನ ತಲೆಗೆ ಹತ್ತಿಕೊಂಡದ್ದು ಮಣಿಕಟ್ಟಿನ ನೋವಿನಿಂದ. ಎಪ್ಪತ್ತರ ದಶಕದ ಕೊನೆಯಲ್ಲಿ ತಯಾರಾದ ಒಂದು ವಿದೇಶೀ ರೋಡ್ ಸೈಕಲ್ಲು ನನ್ನಲ್ಲಿದೆ. ಊರು ಬಿಟ್ಟುಹೋದ ಸ್ನೇಹಿತರೊಬ್ಬರು ಉಳಿಸಿಹೋದದ್ದು. ತೆಳುವಾದ ಉಕ್ಕಿನ ಕೊಳವೆಗಳ, ನೋಡಲು ಲಕ್ಷಣವಾದ ಯಂತ್ರ. ಅದರ ಟೈರು ಮಾತ್ರ ಹೆಬ್ಬೆರಳಿನಷ್ಟೇ ದಪ್ಪ. ವಯಸ್ಸಿನಲ್ಲಿ ಅದೊಂದು ಹೆಮ್ಮೆಯಾಗಿತ್ತು. ಐವತ್ತೈದು ದಾಟಿದ ಮೇಲೆ ರಸ್ತೆಯ ಒಂದೊಂದು ಗುಂಡಿಯೂ ಮೊಣಕೈವರೆಗೆ ವರದಿ ಕಳಿಸತೊಡಗಿತು. ವೈದ್ಯರು ಸೈಕಲ್ಲು ಬಿಡಿ ಎಂದರು. ಬಲ್ಲ ಮಿತ್ರರೊಬ್ಬರು, “ಸೈಕಲ್ಲು ಯಾಕೆ ಬಿಡ್ತೀರಿ, ಗಾಲಿ ಬಿಡಿ” ಎಂದರು. ದೊಡ್ಡ ರಿಮ್ಮು ಕಳಚಿ 584 ಮಿಲಿಮೀಟರಿನ ಚಿಕ್ಕ ರಿಮ್ಮು ಕಟ್ಟಿಸುವುದು, ಅದರ ಮೇಲೆ ದಪ್ಪ ಟೈರು ಏರಿಸುವುದು; ಇದು ಅವರ ಸಲಹೆ. “ಚಿಕ್ಕ ಗಾಲಿ ಹಾಕಿದರೆ ಹೆಚ್ಚು ತುಳಿಯಬೇಕಲ್ಲ?” ಎಂದೆ. ಎಲ್ಲರೂ ಕೇಳುವ ಪ್ರಶ್ನೆಯೇ ಇದು. ಉತ್ತರ ಹುಡುಕುತ್ತ ಹೋದವನಿಗೆ ಎದುರಾದದ್ದು ಒಂದು ಶತಮಾನಕ್ಕೂ ಹಳೆಯದಾದ ಜಗಳ.

ಗಾಲಿಯ ಗಾತ್ರಕ್ಕೂ ವೇಗಕ್ಕೂ ನಿಜವಾದ ನಂಟು ಇದ್ದ ಕಾಲವೊಂದಿತ್ತು. 1870ರಿಂದ ಮುಂದೆ ಹದಿನೈದು ಇಪ್ಪತ್ತು ವರ್ಷ ಇಂಗ್ಲೆಂಡಿನಲ್ಲಿ ಮೆರೆದ ಎತ್ತರದ ಬೈಸಿಕಲ್ಲಿನ ಚಿತ್ರವನ್ನು ಓದುಗರು ಕಂಡಿರಬಹುದು. ಮುಂದೆ ಎದೆಯೆತ್ತರದ ಗಾಲಿ, ಹಿಂದೆ ತಟ್ಟೆಯಷ್ಟು ಗಾಲಿ. ಪೆಡಲು ಮುಂದಿನ ಗಾಲಿಯ ಅಚ್ಚಿಗೇ ಕೂಡಿಕೊಂಡಿತ್ತು. ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ಆದುದರಿಂದ ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕಾಗಿತ್ತು. ಅದಕ್ಕೆ ಮಿತಿಯೆಂದರೆ ಸವಾರನ ಕಾಲಿನ ಉದ್ದ. ದರ್ಜಿಗೆ ಅಳತೆ ಕೊಟ್ಟಂತೆ ಗಾಲಿಗೂ ಕಾಲಿನ ಅಳತೆ ಕೊಡಬೇಕಾಗಿತ್ತು. ಒಬ್ಬನಿಗೆ 50 ಇಂಚು, ಇನ್ನೊಬ್ಬನಿಗೆ 54, ಕೊಕ್ಕರೆಗಾಲಿನವನಿಗೆ 60. ಆ ಎತ್ತರದಿಂದ ಮುಗ್ಗರಿಸಿದವನ ತಲೆಯೇ ಮೊದಲು ನೆಲ ಮುಟ್ಟುತ್ತಿತ್ತು.

1885ರಲ್ಲಿ ಕವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ‘ರೋವರ್’ ಎಂಬ ತಗ್ಗಿನ ಬೈಸಿಕಲ್ಲನ್ನು ಹೊರತಂದನು. ಪೆಡಲು ನಡುವೆ ಬಂತು. ಚೈನು ಅದರ ಬಲವನ್ನು ಹಿಂದಿನ ಗಾಲಿಗೆ ಒಯ್ಯಿತು. ದೊಡ್ಡ ಹಲ್ಲುಚಕ್ರದಿಂದ ಚಿಕ್ಕ ಹಲ್ಲುಚಕ್ರಕ್ಕೆ ಚೈನು ಹಾಯಿಸಿದರೆ ಒಂದು ತುಳಿತಕ್ಕೆ ಗಾಲಿ ಎರಡು, ಮೂರು ಸುತ್ತು ತಿರುಗುತ್ತದೆ. ಅಲ್ಲಿಗೆ ಗಾಲಿಯ ಗಾತ್ರಕ್ಕೂ ವೇಗಕ್ಕೂ ಇದ್ದ ಗಂಟು ಬಿಚ್ಚಿಹೋಯಿತು. ಎಷ್ಟು ತುಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಅಂದಿನಿಂದ ಹಲ್ಲುಚಕ್ರಗಳೇ. ಆದರೆ ಯಂತ್ರ ಬದಲಾದಷ್ಟು ಬೇಗ ಮಾತು ಬದಲಾಗುವುದಿಲ್ಲ. ಇಂಗ್ಲಿಷ್ ಮಾತನಾಡುವ ನಾಡಿನ ಸವಾರರು ಇಂದಿಗೂ ಗೇರನ್ನು ಇಂಚುಗಳಲ್ಲಿ ಲೆಕ್ಕ ಹಾಕುವುದುಂಟು. 70 ಇಂಚಿನ ಗೇರು ಎಂದರೆ 70 ಇಂಚಿನ ಎತ್ತರದ ಗಾಲಿಯನ್ನು ತುಳಿದಷ್ಟು ಎಂದರ್ಥ. ಆ ಎತ್ತರದ ಗಾಲಿ ಬೀದಿಯಿಂದ ಮರೆಯಾಗಿ ನೂರು ವರ್ಷದ ಮೇಲಾಯಿತು. ಅದರ ದೆವ್ವ ಮಾತ್ರ ಲೆಕ್ಕದಲ್ಲಿ ಉಳಿದುಕೊಂಡಿದೆ; ನಾನು ಮಿತ್ರರಿಗೆ ಹಾಕಿದ ಪ್ರಶ್ನೆಯಲ್ಲೂ ಇದ್ದದ್ದು ಅದೇ ದೆವ್ವ.

ಚೈನಿಗೆ ಸರಿಸಮನಾದ ಎರಡನೆಯ ಸಂಗತಿ ಗಾಳಿ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಲ್ಲೇ ಪೇಟೆಂಟು ಪಡೆದು ಕುದುರೆಗಾಡಿಗೆ ಹಾಕಿ ತೋರಿಸಿದ್ದನು. ಕೊಳ್ಳುವವರಿಲ್ಲದೆ ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಹೊಸದಾಗಿ ಕಂಡುಹಿಡಿದನು. ಥಾಮ್ಸನ್ನನ ಹಳೆಯ ಕಾಗದ ಹೊರಬಿದ್ದದ್ದರಿಂದ ಎರಡು ವರ್ಷದಲ್ಲೇ ಡನ್‌ಲಪ್ಪನ ಪೇಟೆಂಟು ಬಿದ್ದುಹೋಯಿತು, ಆ ಮಾತು ಬೇರೆ. 1889ರಲ್ಲಿ ವಿಲಿಯಂ ಹ್ಯೂಮ್ ಎಂಬ ಸವಾರನು ಆ ದಪ್ಪ ಟೈರು ಹಾಕಿದ ಸೈಕಲ್ಲನ್ನು ಬೆಲ್‌ಫಾಸ್ಟಿನ ಪಂದ್ಯಕ್ಕೆ ತಂದು ಗೆದ್ದನು. ಎರಡು ವರ್ಷ ಕಳೆದು, 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯದ ಸುಮಾರು 1200 ಕಿಲೋಮೀಟರನ್ನು ಶಾರ್ಲ್ ತೆರೋಂ ಮೂರು ದಿನದೊಳಗೆ ಮುಗಿಸಿದಾಗ ಅವನ ಗಾಲಿಯಲ್ಲಿದ್ದದ್ದು ಮಿಶೆಲಿನ್ ಸೋದರರ ಬಿಚ್ಚಿ ಹಾಕಬಹುದಾದ ಟೈರು. ಕಲ್ಲು ಎದುರಾದಾಗ ಗಟ್ಟಿ ರಬ್ಬರಿನ ಗಾಲಿ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತುತ್ತದೆ. ಗಾಳಿಯ ಟೈರು ಕಲ್ಲನ್ನು ತನ್ನೊಳಕ್ಕೆ ತೆಗೆದುಕೊಂಡು ಮುಂದೆ ಹೋಗುತ್ತದೆ. ಎತ್ತುವ ಶ್ರಮ ಉಳಿದಷ್ಟೂ ವೇಗಕ್ಕೆ ಲಾಭ. ಟೈರು ಎಷ್ಟು ಅಗಲವೋ ಅಷ್ಟು ಕಡಿಮೆ ಒತ್ತಡದಲ್ಲಿ ಈ ಕೆಲಸ ನಡೆಯುತ್ತದೆ.

ಈಗ ಅಳತೆಯ ಒಗಟಿಗೆ ಬರೋಣ. ಫ್ರೆಂಚರು ಗಾಲಿಯನ್ನು ಗುರುತಿಸುತ್ತಿದ್ದದ್ದು ಟೈರು ಸೇರಿದ ಹೊರಗಿನ ವ್ಯಾಸದಿಂದ. 650 ಎಂದರೆ ನೆಲದಿಂದ ಗಾಲಿಯ ನೆತ್ತಿಯವರೆಗೆ ಸುಮಾರು 650 ಮಿಲಿಮೀಟರು. 700 ಎಂದರೆ 700. ಅದರ ಪಕ್ಕದಲ್ಲಿ ಎ, ಬಿ, ಸಿ ಎಂಬ ಅಕ್ಷರ. ಎ ಎಂದರೆ ಸಣ್ಣ ಟೈರು, ಬಿ ಅದಕ್ಕಿಂತ ದಪ್ಪ, ಸಿ ಇನ್ನೂ ದಪ್ಪ. ಹೊರಗಿನ ಅಳತೆ ಬದಲಾಗಕೂಡದು, ಟೈರು ಮಾತ್ರ ದಪ್ಪವಾಗಬೇಕು ಎಂದರೆ ಒಳಗಿನ ರಿಮ್ಮು ಚಿಕ್ಕದಾಗಲೇಬೇಕು. ಹೀಗೆ 650ಎ ರಿಮ್ಮು 590, 650ಬಿ ರಿಮ್ಮು 584, 650ಸಿ ರಿಮ್ಮು 571. ಅದೇ ರೀತಿ 700ಎ 642, 700ಬಿ 635, 700ಸಿ 622. ಟೈರು ಬದಲಿಸಿದರೂ ಸೈಕಲ್ಲಿನ ಎತ್ತರ, ಹ್ಯಾಂಡಲಿನ ನಡತೆ, ಗೇರು ಯಾವುದೂ ಕೆಡದಿರಲಿ ಎಂಬುದೇ ಇದರ ಹಿಂದಿನ ವಿವೇಕ.

ಇದೇನೋ ದೂರದ ದೇಶದ ಲೆಕ್ಕ ಎನ್ನಬೇಡಿ. ನಮ್ಮ ಹಾಲಿನವರು, ಅಂಚೆಯವರು, ಮೇಷ್ಟರು ತುಳಿದ ಕಪ್ಪು ಸೈಕಲ್ಲಿನ 28 × 1½ ಟೈರು ಕೂರುವುದು 635ರ ರಿಮ್ಮಿನ ಮೇಲೆ; ಅಂದರೆ ಅದು ಫ್ರೆಂಚರ 700ಬಿ. ಅಂಗಡಿಯ ಗೂಟದಲ್ಲಿ ತೂಗುವ 26 × 1⅜ ಅವರ 650ಎ. ಹೆಸರು ಇಂಗ್ಲಿಷರದು, ರಿಮ್ಮು ಒಂದೇ.

ವ್ಯವಸ್ಥೆ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಎಲ್ಲೆಂದರೆ, ಜನ ರಿಮ್ಮನ್ನು ಹಾಗೆಯೇ ಇಟ್ಟುಕೊಂಡು ಟೈರಿನ ದಪ್ಪವನ್ನು ಮನಸ್ಸಿಗೆ ಬಂದಂತೆ ಬದಲಿಸತೊಡಗಿದಾಗ. ಹೆಸರು ರಿಮ್ಮಿಗೆ ಅಂಟಿಕೊಂಡಿತು; ಅರ್ಥ ಟೈರಿನ ಜೊತೆ ಹೊರಟುಹೋಯಿತು. ಇದರ ತಮಾಷೆ ನೋಡಿ: ಎಲ್ಲಕ್ಕಿಂತ ದಪ್ಪ ಟೈರಿಗೆಂದು ಹುಟ್ಟಿದ 700ಸಿ ರಿಮ್ಮು ಮುಂದೆ ಜಗತ್ತಿನ ಅತಿ ತೆಳು ಟೈರುಗಳ ಪೀಠವಾಯಿತು. 622ರ ರಿಮ್ಮಿಗೆ 23 ಮಿಲಿಮೀಟರಿನ ರೇಸಿಂಗ್ ಟೈರು ಹಾಕಿ ಅಳೆದರೆ ಬರುವುದು 668. ಹೆಸರಿನಲ್ಲಿ ಇರುವ 700 ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಚಿಕ್ಕ ರಿಮ್ಮು, ದಪ್ಪ ಟೈರು ಎಂಬ ಪಕ್ಷಕ್ಕೆ ಒಬ್ಬ ಮೂಲಪುರುಷನಿದ್ದಾನೆ. ಅವನ ಹೆಸರು ಪೋಲ್ ದ ವಿವಿ. ಹುಟ್ಟಿದ್ದು 1853ರಲ್ಲಿ. ಸ್ಯಾಂತ್-ಎತ್ಯೇನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದನು. ಸೈಕಲ್ಲಿನ ಹುಚ್ಚು ಹಿಡಿದ ಮೇಲೆ ರೇಷ್ಮೆ ಬಿಟ್ಟು ಸೈಕಲ್ ವ್ಯಾಪಾರಕ್ಕಿಳಿದನು. 1887ರಲ್ಲಿ ಒಂದು ಪತ್ರಿಕೆಯನ್ನೂ ಹೊರಡಿಸಿದನು. ‘ಲ ಸಿಕ್ಲಿಸ್ತ್’ ಎಂದು ಪ್ರಸಿದ್ಧವಾದ ಆ ಪತ್ರಿಕೆಯಲ್ಲಿ ಅವನು ‘ವೆಲೋಸಿಯೋ’ ಎಂಬ ಅಂಕಿತದಿಂದ ಬರೆಯುತ್ತಿದ್ದನು. ಕೊನೆಗೆ ಮನೆಯ ಹೆಸರನ್ನು ಜನ ಮರೆತರು, ಅಂಕಿತ ಉಳಿಯಿತು. ಸಸ್ಯಾಹಾರಿ, ಎಸ್ಪೆರಾಂಟೊ ಭಾಷೆಯ ಭಕ್ತ, ಈಸ್ಟರ್ ಬಂದರೆ ಮಿತ್ರರನ್ನು ಕಟ್ಟಿಕೊಂಡು ಪ್ರೊವಾನ್ಸ್ ಪ್ರಾಂತಕ್ಕೆ ಸೈಕಲ್ಲಿನಲ್ಲೇ ಹೋಗಿಬರುವವನು. ಹೀಗೆ ಹೇಳಿದರೆ ಅವನೊಬ್ಬ ವಿಲಕ್ಷಣ ಗೃಹಸ್ಥನೆನಿಸಬಹುದು. ಹೌದು, ವಿಲಕ್ಷಣನೇ. ಆದರೆ ಅವನ ವೈಲಕ್ಷಣ್ಯಕ್ಕೆ ಕಾಲಿನ ಸ್ನಾಯುವಿನ ಆಧಾರವಿತ್ತು. ಬರೆದುದನ್ನು ಅವನು ಮೊದಲು ತುಳಿದು ನೋಡುತ್ತಿದ್ದನು.

ಸ್ಯಾಂತ್-ಎತ್ಯೇನಿನ ಸುತ್ತ ಬೆಟ್ಟಗಳು. ಊರಿನಿಂದ ಹೊರಟರೆ ಗ್ರಾಂ ಬ್ವಾ ಎಂಬ ಕಣಿವೆದಾರಿಯ ಏರು. ಅಲ್ಲಿ ಒಂದೇ ಗೇರಿನ ಸೈಕಲ್ಲು ತುಳಿಯುವವನು ಒಂದೋ ಏರಿನಲ್ಲಿ ಸಾಯಬೇಕು, ಇಲ್ಲವೇ ಇಳಿಜಾರಿನಲ್ಲಿ ಗಾಳಿಗೆ ಕಾಲಾಡಿಸಬೇಕು. ಆದುದರಿಂದ ವೆಲೋಸಿಯೋ ಬದಲಾಯಿಸಬಲ್ಲ ಗೇರುಗಳ ಪ್ರಚಾರಕನಾದನು. ಎದುರು ಪಕ್ಷದಲ್ಲಿ ಸಾಮಾನ್ಯನಲ್ಲ, ಆಂರಿ ದೆಗ್ರಾಂಜ್ ನಿಂತಿದ್ದನು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಿಕೆಯ ಸಂಪಾದಕ. ಗೇರು ಬದಲಿಸುವುದು ನಲವತ್ತೈದು ದಾಟಿದವರಿಗೆ ಸರಿ, ಗಂಡಸಾದವನು ಸ್ನಾಯುಬಲದಿಂದಲೇ ಗೆಲ್ಲಬೇಕು ಎಂಬುದು ಅವನ ನಿಲುವು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ ಟೂರ್ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಪ್ರವಾಸಿ ಸವಾರರು ದಶಕಗಳಿಂದ ಅದನ್ನು ಬಳಸುತ್ತಿದ್ದರು. ಯಂತ್ರದ ವಿಷಯದಲ್ಲಿ ಪಂದ್ಯದವರು ಮುಂದು, ಜನಸಾಮಾನ್ಯರು ಹಿಂದು ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಖಂಡನೆ ನನಗೆ ತಿಳಿಯದು.

ಗಾಲಿಯ ವಿಷಯದಲ್ಲೂ ಅವನದು ಅದೇ ದಾರಿ. ದೊಡ್ಡ ಗಾಲಿ ಚೆನ್ನಾಗಿ ಉರುಳುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾಗ ಅವನು 50 ಸೆಂಟಿಮೀಟರಿನ ಗಾಲಿಗೆ 5 ಸೆಂಟಿಮೀಟರು ದಪ್ಪದ ಟೈರು ಹಾಕಿ ಸಾವಿರಾರು ಕಿಲೋಮೀಟರು ತುಳಿದನು. ನಿಧಾನವೇನೂ ಆಗಲಿಲ್ಲ, ಕುಲುಕಾಟ ಮಾತ್ರ ಕಡಿಮೆಯಾಯಿತು ಎಂದು ಪತ್ರಿಕೆಯಲ್ಲಿ ವಾದಿಸಿದನು. ಜನ ನಂಬಿದರೆಂದಲ್ಲ. ಅಷ್ಟು ಚಿಕ್ಕ ಗಾಲಿಗೆ ಯಾರೂ ಹೋಗಲಿಲ್ಲ. ಅರ್ಧ ದಾರಿ ಬಂದು 650ರಲ್ಲಿ ನಿಂತರು. ವೆಲೋಸಿಯೋ 1930ರಲ್ಲಿ ತೀರಿಕೊಂಡದ್ದು ತನ್ನ ಊರಿನ ಬೀದಿಯಲ್ಲೇ, ಟ್ರಾಮಿನ ಕೆಳಗೆ ಸಿಕ್ಕಿ. ಬೆಟ್ಟದ ಇಳಿಜಾರುಗಳಲ್ಲಿ ಅರ್ಧ ಶತಮಾನ ಸುರಕ್ಷಿತವಾಗಿ ಓಡಾಡಿದವನಿಗೆ ಪಟ್ಟಣದ ನಡುವೆ ಹೀಗಾಯಿತು.

ಅವನ ಶಿಷ್ಯರ ಕಾಲ ಮೂವತ್ತರ ದಶಕದಲ್ಲಿ ಬಂತು. 1934ರಿಂದ ಫ್ರಾನ್ಸಿನಲ್ಲಿ ಸೈಕಲ್ಲುಗಳ ತಾಂತ್ರಿಕ ಸ್ಪರ್ಧೆಗಳು ನಡೆಯತೊಡಗಿದವು. ಇಲ್ಲಿ ಪರೀಕ್ಷೆ ಸವಾರನಿಗಲ್ಲ, ಸೈಕಲ್ಲಿಗೆ. ದೀಪ, ಮಡ್‌ಗಾರ್ಡು, ಸಾಮಾನು ಹೊರುವ ಚೌಕಟ್ಟು ಎಲ್ಲ ಇರಬೇಕು; ಕೆಟ್ಟ ಬೆಟ್ಟದ ರಸ್ತೆಯಲ್ಲಿ ನೂರಾರು ಕಿಲೋಮೀಟರು ಓಡಬೇಕು; ಒಂದು ತಿರುಪು ಸಡಿಲವಾದರೂ ಅಂಕ ಹೋಯಿತು. ತೂಕ ಕಡಿಮೆಯಾದಷ್ಟೂ ಅಂಕ ಹೆಚ್ಚು. ರೆನೆ ಎರ್ಸ್, ಅಲೆಕ್ಸ್ ಸಿಂಗರ್ ಮೊದಲಾದ ಕುಶಲಿಗಳು ಒಂದೊಂದು ಸೈಕಲ್ಲನ್ನೂ ಗಿರಾಕಿಯ ಅಳತೆಗೆ ಕಟ್ಟುತ್ತಿದ್ದರು. ಇಷ್ಟೆಲ್ಲ ಸಜ್ಜನ್ನೂ ಹತ್ತು ಕಿಲೋಗಿಂತ ಕಡಿಮೆ ತೂಕಕ್ಕೆ ಇಳಿಸಿ ತೋರಿಸಿದರು. ಇಂಥ ಪ್ರವಾಸಿ ಸೈಕಲ್ಲುಗಳಲ್ಲಿ 650ಬಿ ಗಾಲಿ ಮನೆಮಾತಾಯಿತು.

1936ರಲ್ಲಿ ಪಾಪ್ಯುಲರ್ ಫ್ರಂಟ್ ಸರಕಾರ ದುಡಿಯುವವರಿಗೆ ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ಅದುವರೆಗೆ ಸಮುದ್ರವನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದ ಕಾರ್ಖಾನೆಯ ಕೆಲಸಗಾರರು ಆ ಬೇಸಗೆಯಲ್ಲಿ ಹೊರಟರು. ಕೆಲವರು ರೈಲಿನಲ್ಲಿ, ಅನೇಕರು ಸೈಕಲ್ಲಿನಲ್ಲಿ, ಗಂಡಹೆಂಡಿರು ಒಟ್ಟಿಗೆ ತುಳಿಯುವ ಟ್ಯಾಂಡೆಮಿನಲ್ಲಿ, ಡೇರೆ ಗಂಟು ಕಟ್ಟಿಕೊಂಡು. ಆ ಕಾಲದ ಛಾಯಾಚಿತ್ರಗಳಲ್ಲಿ ನಗುತ್ತಿರುವವರ ಕೆಳಗಿನ ಗಾಲಿಗಳನ್ನು ನೋಡಿ. ತೆಳುವಾದ ಪಂದ್ಯದ ಗಾಲಿಗಳು ಅಲ್ಲಿಲ್ಲ. ದುಂಡಗೆ ಉಬ್ಬಿದ ಟೈರುಗಳಿವೆ. ಇಬ್ಬರ ಭಾರ, ಒಂದು ಮನೆಯ ಸಾಮಾನು, ಜಲ್ಲಿಯ ರಸ್ತೆ: ಇವಕ್ಕೆ ಬೇಕಾದದ್ದು ಅಂಥ ಗಾಲಿಯೇ.

ಮತ್ತೆ ಅದು ಸತ್ತದ್ದು ಹೇಗೆ? ಯಾರೂ ಕೊಲ್ಲಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಸಣ್ಣ ಮೋಟಾರು ಬಂತು, ಕಾರು ಬಂತು. ಡೇರೆ ಕಟ್ಟಿಕೊಂಡು ಹೋಗುತ್ತಿದ್ದ ದಂಪತಿಗಳು ಕಾರಿನೊಳಗೆ ಕುಳಿತರು. ಸೈಕಲ್ಲಿನ ಮೇಲೆ ಉಳಿದವರು ಹೆಚ್ಚಾಗಿ ಕ್ರೀಡೆಯ ಮೋಹದವರು. ಅವರ ಕಣ್ಣು ಟೂರ್ ಪಂದ್ಯದ ವೀರರ ಮೇಲಿತ್ತು. ಪಂದ್ಯದವರು ರಿಮ್ಮಿಗೆ ಅಂಟಿಸುವ ಟೈರು ಬಳಸುತ್ತಿದ್ದರು. ಬ್ರೇಕಿನ ರಬ್ಬರು ಹಿಡಿಯುವ ಎತ್ತರ ಆ ರಿಮ್ಮಿನಲ್ಲೂ 700ಸಿ ರಿಮ್ಮಿನಲ್ಲೂ ಒಂದೇ ಆಗಿದ್ದದ್ದರಿಂದ ಎರಡು ಬಗೆಯ ಗಾಲಿಗಳನ್ನೂ ಒಂದೇ ಸೈಕಲ್ಲಿಗೆ ಹಾಕಿ ತೆಗೆಯಬಹುದಾಗಿತ್ತು. ಈ ಅನುಕೂಲವೇ 700ಸಿ ರಿಮ್ಮಿಗೆ ಪಟ್ಟ ಕಟ್ಟಿತು. ಇಂಗ್ಲೆಂಡು, ಅಮೆರಿಕಗಳಲ್ಲಿ 630ರ ‘27 ಇಂಚು’ ಕೆಲಕಾಲ ಪ್ರತಿಸ್ಪರ್ಧಿಯಾಗಿದ್ದು ಎಂಬತ್ತರ ದಶಕದಲ್ಲಿ ಹಿಂದೆ ಸರಿಯಿತು. ಟೈರು 28ರಿಂದ 25ಕ್ಕೆ, 23ಕ್ಕೆ, ಒಮ್ಮೊಮ್ಮೆ 20ಕ್ಕೂ ಇಳಿಯಿತು. ಇದಕ್ಕೆ ತಕ್ಕಂತೆ ಫ್ರೇಮು ಕಟ್ಟುವವರು ಗಾಲಿಯ ಸುತ್ತಲಿನ ಸಂದನ್ನು ಬಿಗಿಮಾಡಿದರು; ಬ್ರೇಕಿನ ತೋಳುಗಳನ್ನು ಮೊಟಕು ಮಾಡಿದರು. ಮೊದಮೊದಲು ಫ್ಯಾಶನ್ನಾಗಿದ್ದುದು ಈಗ ಉಕ್ಕಿನಲ್ಲೇ ಬೆಸುಗೆಯಾಯಿತು. ದಪ್ಪ ಟೈರು ಹಾಕಬೇಕೆಂದು ಮನಸ್ಸು ಬಂದವನಿಗೂ ಜಾಗವೇ ಇಲ್ಲ. 650ಬಿ ಎಂಬುದು ಫ್ರಾನ್ಸಿನ ಹಳ್ಳಿಯ ಮುದುಕರ ಸೈಕಲ್ಲಿನಲ್ಲೂ ಕೆಲವು ಹಟವಾದಿ ಪ್ರವಾಸಿಗಳಲ್ಲೂ ಜೀವ ಹಿಡಿದುಕೊಂಡಿತ್ತು.

ನಡುವೆ 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ 16 ಇಂಚಿನ ಪುಟ್ಟ ಗಾಲಿಯ ಸೈಕಲ್ಲು ತಂದು ಎಲ್ಲರನ್ನೂ ಬೆರಗುಗೊಳಿಸಿದ್ದುಂಟು. ಅವನು ತೆಳು ಟೈರಿಗೆ ಹೆಚ್ಚು ಒತ್ತಡದ ಗಾಳಿ ತುಂಬಿದನು. ಅದರಿಂದಾದ ಕುಲುಕಾಟ ತಡೆಯಲು ಫ್ರೇಮಿನೊಳಗೆ ರಬ್ಬರಿನ ಸ್ಪ್ರಿಂಗು ಇಡಬೇಕಾಯಿತು. ಗಾಲಿ ಚಿಕ್ಕದಾದ ಮಾತ್ರಕ್ಕೆ ಸುಖವಿಲ್ಲ, ಸುಖ ಇರುವುದು ಟೈರಿನೊಳಗಿನ ಗಾಳಿಯಲ್ಲಿ ಎಂಬುದಕ್ಕೆ ಮೌಲ್ಟನ್ನನೇ ಸಾಕ್ಷಿ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕೆಲವರು ಹಳೆಯ ಲೆಕ್ಕವನ್ನು ಮತ್ತೆ ತೆಗೆದರು. ಲೆಕ್ಕ ಬಹಳ ಸುಲಭ. 622ರ ರಿಮ್ಮು, 23ರ ಟೈರು: ಮೇಲೊಂದು ಕೆಳಗೊಂದು 23 ಕೂಡಿಸಿದರೆ 668. ಈಗ 584ರ ರಿಮ್ಮು, 42ರ ಟೈರು: ಮೇಲೊಂದು ಕೆಳಗೊಂದು 42 ಕೂಡಿಸಿದರೆ ಅದೂ 668. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅಂದರೆ ಗಾಲಿ ಚಿಕ್ಕದಾಗುವುದೇ ಇಲ್ಲ! ಚಿಕ್ಕದಾಗುವುದು ರಿಮ್ಮು, ಉಳಿದ ಜಾಗವನ್ನು ಗಾಳಿ ತುಂಬುತ್ತದೆ. ಪೆಡಲು ನೆಲದಿಂದ ಅಷ್ಟೇ ಎತ್ತರದಲ್ಲಿರುತ್ತದೆ; ಗೇರು ಅಷ್ಟೇ; ಹೆಚ್ಚು ತುಳಿಯುವ ಮಾತೇ ಇಲ್ಲ. ಎಪ್ಪತ್ತು, ಎಂಬತ್ತರ ದಶಕದ ಅನೇಕ ಫ್ರೇಮುಗಳಲ್ಲಿ 23ಕ್ಕಿಂತ ಎಷ್ಟೋ ಅಗಲದ ಟೈರಿಗೆ ಅಕ್ಕಪಕ್ಕದಲ್ಲಿ ಜಾಗವಿದೆ. ಇಲ್ಲದ್ದು ನೆತ್ತಿಯ ಮೇಲೆ. ಅಂಥ ಫ್ರೇಮಿಗೆ ಚಿಕ್ಕ ರಿಮ್ಮು ಹೇಳಿಮಾಡಿಸಿದ ಔಷಧ.

ಔಷಧ ಎಲ್ಲರ ದೇಹಕ್ಕೂ ಒಗ್ಗುವುದಿಲ್ಲ. ಮೊದಲ ತೊಡಕು ಬ್ರೇಕು. ಎರಡು ರಿಮ್ಮುಗಳ ವ್ಯಾಸದ ವ್ಯತ್ಯಾಸ 38, ಅದರರ್ಧ 19. ಬ್ರೇಕಿನ ರಬ್ಬರು 19 ಮಿಲಿಮೀಟರು ಕೆಳಗಿಳಿದರೆ ಮಾತ್ರ ಹೊಸ ರಿಮ್ಮನ್ನು ಹಿಡಿದೀತು. 27 ಇಂಚಿನ ಸೈಕಲ್ಲಾದರೆ 23 ಇಳಿಯಬೇಕು. ಮೊಟಕು ತೋಳಿನ ಬ್ರೇಕಿಗೆ ಅಷ್ಟು ಕೈ ಚಾಚುವುದಾಗದು. ಫ್ರಾನ್ಸಿನ ಮಾಫಾಕ್ ಕಂಪನಿ ಒಂದು ಕಾಲದಲ್ಲಿ ‘ರೇಡ್’ ಎಂಬ ಉದ್ದ ತೋಳಿನ ಬ್ರೇಕನ್ನು ತಯಾರಿಸುತ್ತಿತ್ತು. ಈ ಹಳೆಯ ಗುಜರಿ ಮಾಲಿಗೆ ಹೊಸ ಬೆಲೆ ಬಂದದ್ದು ಇದರಿಂದಲೇ. ಎರಡನೆಯ ತೊಡಕು ಹಿಂದಿನ ಗಾಲಿಯ ಅಕ್ಕಪಕ್ಕದಲ್ಲಿ ಪೆಡಲಿನ ಅಚ್ಚಿನತ್ತ ಹೋಗುವ ಎರಡು ಕೊಳವೆಗಳು. ಇವು ಮುಂದೆ ಹೋದಂತೆ ಹತ್ತಿರವಾಗುತ್ತವೆ. ಕೆಲವು ಫ್ರೇಮುಗಳಲ್ಲಿ ಟೈರು ಉಜ್ಜದಿರಲೆಂದು ಈ ಕೊಳವೆಗಳನ್ನು ಒತ್ತಿ ತಗ್ಗು ಮಾಡಿರುತ್ತಾರೆ. ಆ ತಗ್ಗು ಇರುವುದು ದೊಡ್ಡ ರಿಮ್ಮಿನ ತೆಳು ಟೈರಿಗೆ ತಕ್ಕ ಜಾಗದಲ್ಲಿ. ಚಿಕ್ಕ ರಿಮ್ಮಿನ ದಪ್ಪ ಟೈರು ಅತಿ ಅಗಲವಾಗುವ ಬಿಂದು ಗಾಲಿಯ ಅಚ್ಚಿಗೆ ಒಂಬತ್ತು ಮಿಲಿಮೀಟರಿನಷ್ಟು ಹತ್ತಿರ. ಹಿಂದಿನವರು ಮಾಡಿದ ಉಪಕಾರ ಅಷ್ಟರಿಂದ ತಪ್ಪಿಹೋಗುತ್ತದೆ.

ಇಂಥ ಬದಲಾವಣೆಗೆ ಬೇಕಾದ ಟೈರು ಸಿಕ್ಕಿದ್ದು ಜಪಾನಿನಿಂದ. ಫ್ರೆಂಚರು ಕೈಬಿಟ್ಟ ಪ್ರವಾಸಿ ಸೈಕಲ್ಲಿನ ಕಲೆಯನ್ನು ಜಪಾನೀಯರು ಪೂಜೆಯಂತೆ ಕಾಪಾಡಿಕೊಂಡಿದ್ದರು. ಕ್ಯೋತೋ ನಗರದ ಒಂದು ಅಂಗಡಿ 42 ಮಿಲಿಮೀಟರಿನ 650ಬಿ ಟೈರನ್ನು ‘ಗ್ರಾಂ ಬ್ವಾ’ ಎಂಬ ಮುದ್ರೆಯೊತ್ತಿ ಮಾರಿತು. ವೆಲೋಸಿಯೋ ಹತ್ತಿ ಇಳಿದ ಕಣಿವೆದಾರಿಯ ಹೆಸರೂ ಅದೇ. ಅಮೆರಿಕದಲ್ಲಿ ಯಾನ್ ಹೈನ ಎಂಬವರು 2002ರಿಂದ ಹಳೆಯ ಸೈಕಲ್ಲುಗಳಿಗೇ ಮೀಸಲಾದ ಒಂದು ತ್ರೈಮಾಸಿಕ ನಡೆಸುತ್ತ, 2006ರ ಸುಮಾರಿಗೆ ಬೇರೆಬೇರೆ ಟೈರುಗಳನ್ನು ಇಳಿಜಾರಿನಲ್ಲಿ ಉರುಳಿಸಿ ಕಾಲ ಅಳೆದರು. ಮೆದುವಾದ ನೂಲಿನ ಅಗಲ ಟೈರು ತೆಳು ಟೈರಿಗಿಂತ ನಿಧಾನವಲ್ಲ ಎಂದು ಕಂಡುಬಂತು. ವೆಲೋಸಿಯೋ ಕಾಲಿನಿಂದ ಕಂಡದ್ದನ್ನು ಇವರು ಗಡಿಯಾರದಿಂದ ಕಂಡರು. ತರುವಾಯದ ವರ್ಷಗಳಲ್ಲಿ ಟೂರ್ ಪಂದ್ಯದ ಸವಾರರೇ 23ನ್ನು ಬಿಟ್ಟು 25ಕ್ಕೆ, 28ಕ್ಕೆ ಏರಿದರು. ನಿಧಾನವಾಗಿ ಏರಿದರು, ತಪ್ಪೊಪ್ಪಿಕೊಂಡಂತೆ ಯಾರಿಗೂ ಕಾಣಬಾರದಲ್ಲ!

584ರ ರಿಮ್ಮಿಗೆ ನಿಜವಾದ ಪುನರ್ಜನ್ಮ ಬಂದದ್ದು ಮಾತ್ರ ಯಾರೂ ಎಣಿಸದ ಕಡೆಯಿಂದ. 2007ರಲ್ಲಿ ಅಮೆರಿಕದ ಕರ್ಕ್ ಪಸೆಂಟಿ ಅದಕ್ಕೊಂದು ಬೆಟ್ಟದ ಸೈಕಲ್ಲಿನ ಟೈರು ಮಾಡಿಸಿದರು. 2012ರ ಮಾರ್ಚಿಯಲ್ಲಿ ಸ್ವಿಟ್ಸರ್ಲೆಂಡಿನ ನಿನೊ ಶುರ್ಟರ್ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಆ ಗಾಲಿಯ ಮೇಲೆ ವಿಶ್ವಕಪ್ ಪಂದ್ಯ ಗೆದ್ದರು. ಎರಡು ವರ್ಷದೊಳಗೆ ದೊಡ್ಡ ಕಂಪನಿಗಳು ಅದನ್ನು ‘27.5 ಇಂಚು’ ಎಂಬ ಹೊಚ್ಚಹೊಸ ಹೆಸರಿನಿಂದ ಮಾರತೊಡಗಿದವು. ತೆಳು ಟೈರು ಹಾಕಿದರೆ 26 × 1½, ಫ್ರೆಂಚರ ಬಾಯಲ್ಲಿ 650ಬಿ, ದಪ್ಪ ಟೈರು ಹಾಕಿದರೆ 27.5. ಮೂರು ಹೆಸರಿನ ಒಂದೇ ರಿಮ್ಮು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ 27.5ರ ಸೈಕಲ್ಲು ಏರಿ ಕಾಲೇಜಿಗೆ ಹೋಗುವ ಹುಡುಗ ತುಳಿಯುತ್ತಿರುವುದು 1936ರ ಫ್ರೆಂಚ್ ಕೆಲಸಗಾರ ಸಮುದ್ರ ನೋಡಲು ಹೋದ ಗಾಲಿಯನ್ನೇ.

ನನಗೆ ಇದರಿಂದಾದ ಲಾಭವೆಂದರೆ, ರಿಮ್ಮನ್ನು ಜಪಾನಿನಿಂದ ತರಿಸಬೇಕಾಗಲಿಲ್ಲ. ಡಿಸ್ಕ್ ಬ್ರೇಕಿನ ರಿಮ್ಮಾದರೆ ಬದಿಯಲ್ಲಿ ರಬ್ಬರು ಹಿಡಿಯುವ ನುಣುಪು ಪಟ್ಟಿ ಇರುವುದಿಲ್ಲ. ಅದಿರುವ 36 ತೂತಿನ ಜೋಡಿಯನ್ನು ಹುಡುಕಲು ಮೂರು ಪೇಟೆ ಅಲೆದೆ. ಹಳೆಯ ಹಬ್ ಹಾಗೆಯೇ ಉಳಿಯಿತು. ಕಡ್ಡಿಗಳು ಮಾತ್ರ 19 ಮಿಲಿಮೀಟರಿನಷ್ಟು ಮೊಟಕಾದವು ಬೇಕಾದವು. ನಮ್ಮ ಬಡಾವಣೆಯಲ್ಲಿ ಬೆಂಡು ತೆಗೆಯುವ ಹಿರಿಯರೊಬ್ಬರಿದ್ದಾರೆ. ಅವರು ಕಡ್ಡಿ ಹೆಣೆಯುತ್ತ ಹೆಣೆಯುತ್ತ, “ದೊಡ್ಡದನ್ನ ಬಿಟ್ಟು ಸಣ್ಣದಕ್ಕೆ ಬರೋರನ್ನ ಇದೇ ಮೊದಲು ನೋಡ್ತಿರೋದು ಸ್ವಾಮಿ” ಎಂದರು. ಟೈರು ಏರಿಸಿ ಗಾಳಿ ತುಂಬಿದ ಮೇಲೆ ಹಳೆಯ ಗಾಲಿಯನ್ನು ಪಕ್ಕದಲ್ಲಿ ನಿಲ್ಲಿಸಿ ಮೇಲೆ ಮರದ ಪಟ್ಟಿಯನ್ನು ಅಡ್ಡವಿಟ್ಟು ನೋಡಿದರು. ಪಟ್ಟಿ ಎತ್ತಲೂ ವಾಲಲಿಲ್ಲ. ಇನ್ನೊಮ್ಮೆ ಆ ಕಡೆಯಿಂದ ಬಂದು ನೋಡಿದರು.

42ರ ಟೈರು ನನ್ನ ಫ್ರೇಮಿನ ಹಿಂದಿನ ಕೊಳವೆಗಳ ನಡುವೆ ಹಿಡಿಯಲಿಲ್ಲ. ಹಿಂದಕ್ಕೆ 38ರದನ್ನೇ ಹಾಕಬೇಕಾಯಿತು. ಮುಂದೆ 42, ಹಿಂದೆ 38. ಪೆಡಲಿನ ಅಚ್ಚು ಎರಡು ಮಿಲಿಮೀಟರಿನಷ್ಟು ತಗ್ಗಿದೆ, ತುಳಿಯುವಾಗ ಗೊತ್ತಾಗುವುದಿಲ್ಲ. ಮಡ್‌ಗಾರ್ಡಿಗೆ ಜಾಗ ಉಳಿದಿಲ್ಲವಾದ್ದರಿಂದ ಮಳೆಗಾಲದಲ್ಲಿ ಬೆನ್ನಿನ ಮೇಲೆ ಕೆಸರಿನ ಗೆರೆ ಬೀಳುತ್ತದೆ. ಮಣಿಕಟ್ಟು ಸುಮ್ಮನಿದೆ.